ದರ್ಜಿಗೂ ಗೊತ್ತಾಗದ ಚೀಲ

ದರ್ಜಿ ತನ್ನ ಪ್ಯಾಂಟಿನ ಸೊಂಟ ಬಿಚ್ಚಿ ಸಡಿಲ ಮಾಡಿಕೊಂಡ. ಅದೇ ವಾರ ಅಂಗಿಯ ಭುಜ ಹಿಡಿದು ಬಿಗಿ ಮಾಡಿಕೊಂಡ. ಪಕ್ಕದಲ್ಲಿ ಗುಂಡಿ ಹೊಲಿಯುತ್ತಿದ್ದ ಹೆಂಡತಿಗೆ ಯಾಕೋ ಇದು ಸರಿಕಾಣಲಿಲ್ಲ.

“ಏನ್ರೀ, ದಪ್ಪ ಆಗೋರು ಎಲ್ಲಾ ಕಡೆ ಆಗ್ತಾರೆ. ನಿಮಗೆ ಹೊಟ್ಟೆ ಮಾತ್ರ ಬರ್ತಿದೆ, ಮೈ ಕರಗ್ತಿದೆ. ಇದ್ಯಾವ ಫ್ಯಾಷನ್ನು?”

“ಕೂತು ಕೂತು ಗ್ಯಾಸು ಕಣೇ. ಜೊತೆಗೆ ನಿನ್ನ ಅಡುಗೆ.”

ಕೆಲವು ತಿಂಗಳಿಂದ ಅವನಿಗೆ ಮಲಬದ್ಧತೆ ಇತ್ತು. ಮಲದಲ್ಲಿ ರಕ್ತ ಕಂಡಾಗ ಮೂಲವ್ಯಾಧಿ ಎಂದು ತಾನೇ ತೀರ್ಮಾನ ಮಾಡಿದ್ದ. ಒಂದು ಬೆಳಿಗ್ಗೆ ಹೊಟ್ಟೆ ಹಿಂಡಿದಂತೆ ನೋವು ಬಂತು. ವಾಂತಿಯೂ ಆಯಿತು. ಭೇದಿಯಾಗಲೆಂದು ಮಾತ್ರೆ ನುಂಗಲು ಲೋಟ ಎತ್ತಿದ್ದ. ಅಷ್ಟರಲ್ಲಿ ಪಕ್ಕದ ಮನೆಯ ನರ್ಸಮ್ಮ ಸಮವಸ್ತ್ರ ಒಯ್ಯಲು ಬಂದಳು.

“ಅಣ್ಣಾ, ಗಾಳಿ ಹೋಗ್ತಿದ್ಯಾ?”

“ಹೆಣ್ಮಕ್ಕಳು ಕೇಳೋ ಮಾತೇನಮ್ಮಾ ಇದು!”

“ನಾಚಿಕೆ ಆಮೇಲೆ ಪಡಿ. ಹೋಗ್ತಿದ್ಯೋ ಇಲ್ವೋ?”

“ಎರಡು ದಿನದಿಂದ ಏನೂ ಇಲ್ಲ.”

ಅವಳು ಲೋಟ ಕಸಿದುಕೊಂಡಳು. “ಮುಂದೆ ದಾರಿ ಕಟ್ಟಿರೋವಾಗ ಹಿಂದಿನಿಂದ ನೂಕಿದ್ರೆ ಕರುಳು ಹರಿದೀತು. ಮಾತ್ರೆ ಬೇಡ, ನೀರೂ ಬೇಡ. ಅತ್ತಿಗೆ, ಆಟೋ ಕರೀರಿ, ನಮ್ಮ ಆಸ್ಪತ್ರೆಗೇ ಹೋಗೋಣ.”

ಆಸ್ಪತ್ರೆಯಲ್ಲಿ ಕೈಗೆ ಡ್ರಿಪ್ ಹಾಕಿದರು. ಮೂಗಿನಿಂದ ಹೊಟ್ಟೆಗೆ ಸಣ್ಣ ಕೊಳವೆ ಇಳಿಸಿ, ತುಂಬಿಕೊಂಡಿದ್ದ ನೀರು, ಗಾಳಿ ಹೊರತೆಗೆದರು. ವಾಂತಿ ನಿಂತಿತು. ಹೆಂಡತಿಗೂ ಅಷ್ಟು ಹೊತ್ತಿಗೆ ಉಸಿರು ಬಂತು. ಸ್ಕ್ಯಾನ್ ಆದ ಮೇಲೆ ಡಾಕ್ಟರಮ್ಮ ಮಂಚದ ಪಕ್ಕ ಬಂದು ಕೂತರು.

“ದೊಡ್ಡ ಕರುಳಿನ ಎಡಗಡೆ ಗಡ್ಡೆ ಬೆಳೆದು ದಾರಿ ಮುಚ್ಚಿದೆ. ಕ್ಯಾನ್ಸರ್ ಥರ ಕಾಣ್ತಿದೆ. ಬೇರೆ ಕಡೆ ಹರಡಿದ ಹಾಗೆ ಕಾಣ್ತಿಲ್ಲ. ಕೆಲವರಿಗೆ ಮೊದಲು ಜಾಲರಿ ಕೊಳವೆ ಇಟ್ಟು ದಾರಿ ಬಿಡಿಸಿ, ಆಪರೇಷನ್ ಆಮೇಲೆ ಮಾಡ್ತೀವಿ. ನಿಮ್ಮ ಕರುಳು ತುಂಬ ಹಿಗ್ಗಿದೆ, ಕಾಯೋ ಹಾಗಿಲ್ಲ. ಗಡ್ಡೆ ತೆಗೆದು, ಕರುಳಿನ ತುದಿನ ಹೊಟ್ಟೆ ಮೇಲೆ ತರ್ತೀವಿ. ಮಲ ಅಲ್ಲಿ ಅಂಟಿಸಿದ ಒಂದು ಚೀಲಕ್ಕೆ ಬರುತ್ತೆ.”

“ಅಲ್ಲೇ ಜೋಡಿಸಿ ಹೊಲಿದುಬಿಡಿ ಡಾಕ್ಟ್ರೇ!”

“ಜಗ್ಗಿ ಜಗ್ಗಿ ತೆಳ್ಳಗಾದ ಬಟ್ಟೆಗೆ ನೀವು ಹೊಲಿಗೆ ಹಾಕ್ತೀರಾ?”

“ಇಲ್ಲ... ಬಿಟ್ಕೊಳ್ಳುತ್ತೆ,” ಎಂದು ಅವನ ಬಾಯಿಂದಲೇ ಬಂತು.

“ಅದಕ್ಕೇ. ನೀವು ಸುಧಾರಿಸಿಕೊಂಡ ಮೇಲೆ ಮತ್ತೆ ಜೋಡಿಸೋಕಾಗುತ್ತಾ ನೋಡೋಣ. ಈಗ ಮಾತ್ರ ತಡ ಮಾಡಬೇಡಿ.”

ದರ್ಜಿ ಗೋಡೆ ಕಡೆ ಮುಖ ಮಾಡಿದ. “ಬೇಡ. ಗಿರಾಕಿ ಪಕ್ಕ ನಿಂತು ಅಳತೆ ತಗೊಳ್ಳೋನು ನಾನು. ವಾಸನೆ ಬಂದ್ರೆ? ಹೊಟ್ಟೆ ಮೇಲೆ ಚೀಲ ಕಟ್ಕೊಂಡು ಬದುಕೋದಕ್ಕಿಂತ...”

“ಆ ಮಾತು ಪೂರ್ತಿ ಮಾಡಬೇಡಿ!” ಹೆಂಡತಿ ಅವನ ಮುಖವನ್ನು ತನ್ನ ಕಡೆ ತಿರುಗಿಸಿದಳು.

ಆಗ ಬಾಗಿಲಲ್ಲಿ ಅಂಚೆಯಣ್ಣ ಕಾಣಿಸಿಕೊಂಡ. ಅಂಗಡಿ ಮುಚ್ಚಿದ್ದು ನೋಡಿ, ಕೇಳಿಕೊಂಡು ಬಂದಿದ್ದ. ಬೀದಿಯವರೆಲ್ಲ ಅವನನ್ನು ಬೆನ್ನ ಹಿಂದೆ ಜುಗ್ಗಪ್ಪ ಎನ್ನುತ್ತಿದ್ದರು. ಆ ಹೆಸರು ಇಟ್ಟವನು ದರ್ಜಿಯೇ. ಪ್ಯಾಂಟಿನ ಅಳತೆಗೆ ಟೇಪು ಸುತ್ತಿದಾಗಲೆಲ್ಲ ಅವನ ಅಂಗಿಯೊಳಗೆ ಒಂದು ಚೀಲ ಕೈಗೆ ತಾಗುತ್ತಿತ್ತು. ಯಾರನ್ನೂ ನಂಬದೆ ದುಡ್ಡನ್ನು ಮೈಗೇ ಕಟ್ಟಿಕೊಂಡು ತಿರುಗುತ್ತಾನೆ ಎಂದು ದರ್ಜಿ ನಗುತ್ತಿದ್ದ.

ಅಂಚೆಯಣ್ಣ ಎಲ್ಲ ಕೇಳಿಸಿಕೊಂಡ. ಪರದೆ ಎಳೆದು ಅಂಗಿಯ ಅಂಚು ಎತ್ತಿದ.

ದರ್ಜಿ ಕಣ್ಣರಳಿಸಿದ. “ಅದು... ದುಡ್ಡಿನ ಚೀಲ ಅಲ್ವಾ?”

“ದುಡ್ಡಿದ್ದಿದ್ರೆ ನಿಮ್ಮ ಹತ್ರ ಹೊಲಿಗೆ ಕೂಲಿಗೆ ಚೌಕಾಸಿ ಮಾಡ್ತಿದ್ನಾ ಮಾರಾಯ್ರೇ? ನನಗೂ ನಿಮ್ಮದೇ ಕಾಯಿಲೆ. ನನಗೆ ಮತ್ತೆ ಜೋಡಿಸೋಕಾಗಲ್ಲ ಅಂದ್ರು. ಆಯ್ತು ಅಂದೆ. ದಿನಾ ಸೈಕಲ್ ತುಳೀತೀನಿ.”

“ವಾಸನೆ?”

“ಇಷ್ಟು ವರ್ಷ ನನ್ನ ಸೊಂಟ ಅಳೆದೋರು ನೀವು. ನೀವೇ ಹೇಳಿ, ಬಂದಿತ್ತಾ?”

ದರ್ಜಿ ಹೆಂಡತಿಯ ಕಡೆ ನೋಡಿದ. “ಬಂದಿರ್ಲಿಲ್ಲ ಕಣೇ,” ಎಂದ. “ಸಹಿ ಎಲ್ಲಿ ಹಾಕ್ಬೇಕು ಕೇಳು.”

ಆಪರೇಷನ್ ಆಯಿತು. ಗಡ್ಡೆ ಪೂರ್ತಿ ಬಂದಿದೆ ಎಂದರು. ಮೂರನೆಯ ದಿನ ಬೆಳಿಗ್ಗೆ ಹೊಟ್ಟೆಯ ಮೇಲಿನ ಚೀಲ ಸಣ್ಣ ಬಲೂನಿನ ಹಾಗೆ ಉಬ್ಬಿತು. ಹೆಂಡತಿ ಹೆದರಿ ಕೂಗಿಕೊಂಡಳು. ನರ್ಸಮ್ಮ ಓಡಿ ಬಂದು ನೋಡಿ ನಕ್ಕಳು. “ಗಾಳಿ ಬಂತು ಅತ್ತಿಗೆ! ಕರುಳು ಕೆಲಸಕ್ಕೆ ಹಾಜರ್!”

ಗಂಡನ ಹೊಟ್ಟೆಯ ಗಾಳಿ ಕಂಡು ಆನಂದಬಾಷ್ಪ ಸುರಿಸಿದ ಹೆಂಗಸು ಜಗತ್ತಿನಲ್ಲಿ ತಾನೊಬ್ಬಳೇ ಇರಬೇಕು ಎಂದುಕೊಂಡಳು ಅವಳು.

ಗಡ್ಡೆಯ ಪರೀಕ್ಷೆಯಲ್ಲಿ ಕ್ಯಾನ್ಸರ್ ಖಚಿತವಾಯಿತು. ಮುಂದಿನ ಔಷಧಿ ಶುರುವಾಗಿದೆ. ಚೀಲ ಬದಲಾಯಿಸುವುದನ್ನು ದರ್ಜಿ ಕಲಿತಿದ್ದಾನೆ. ಮೈ ಮತ್ತೆ ತುಂಬುತ್ತಿದೆ, ನಿನ್ನೆ ತನ್ನದೇ ಅಂಗಿಯ ಭುಜ ಬಿಚ್ಚಿ ಸಡಿಲ ಮಾಡಿಕೊಂಡ. ಅಂಚೆಯಣ್ಣನ ಹೊಸ ಪ್ಯಾಂಟಿಗೆ, ಕೇಳದೆಯೇ, ಚೀಲಕ್ಕೆ ಒತ್ತದ ಹಾಗೆ ಒಳಗೊಂದು ಮೆತ್ತನೆಯ ಪಟ್ಟಿ ಹೊಲಿದ. ಕೂಲಿ ಕೊಡಬಂದರೆ, “ಹೋಗ್ರೀ ಜುಗ್ಗಪ್ಪ,” ಎಂದ.

ಓದುವ ಅಕ್ಕ, ಅಣ್ಣ, ನಿಮಗೊಂದು ಮಾತು. ಹೊಟ್ಟೆ ಉಬ್ಬಿ, ನೋವು, ವಾಂತಿ ಬಂದು, ಮಲವೂ ಗಾಳಿಯೂ ನಿಂತರೆ ಭೇದಿಯಾಗಲೆಂದು ಔಷಧಿ ನುಂಗಬೇಡಿ. ಊಟ, ನೀರು ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಿ. ಮಲದಲ್ಲಿ ರಕ್ತ ಕಂಡರೆ, ವಾರಗಟ್ಟಲೆ ಮಲಬದ್ಧತೆ ಇದ್ದರೆ, ಕಾರಣವಿಲ್ಲದೆ ಮೈ ಇಳಿದರೆ, ಕರುಳು ಕಟ್ಟುವವರೆಗೂ ಕಾಯದೆ ಈಗಲೇ ಡಾಕ್ಟರಿಗೆ ತೋರಿಸಿ. ನಾಚಿಕೆ ಆಮೇಲೆ ಪಡೋಣ. ಅದಕ್ಕೆ ಮೊದಲು ನಾವು ಇರಬೇಕಲ್ಲ!