ಓರೆ ಚೌಕಳಿ

ಇಬ್ಬರು ಹೊಲಿದ ರಜಾಯಿಗಳನ್ನೆಲ್ಲ ಊರು ಒಬ್ಬಳ ಹೆಸರಿನಲ್ಲಿ ಕರೆಯಿತು. ವೆತಾಳ ರಜಾಯಿ ಅಂದಿತು. ಜಾಂಫಿರಾಳ ಹೆಸರನ್ನು ಯಾರೂ ಸೇರಿಸಲಿಲ್ಲ. ವೆತಾಳೂ ಸೇರಿಸಲಿಲ್ಲ.

ಜಾಂಫಿರಾಳ ಶವ ಎತ್ತುವ ಹೊತ್ತು ಹತ್ತಿರವಾದಾಗ ವೆತಾ ಹಳ್ಳದ ಸೇತುವೆ ದಾಟುತ್ತಿದ್ದಳು. ಒಂದು ಕೈಯಲ್ಲಿ ಮೇಣದ ಬತ್ತಿ, ಇನ್ನೊಂದರಲ್ಲಿ ಸಾವಿನ ಮನೆಗೆಂದು ಬೇಯಿಸಿದ ಗೋಧಿಯ ತಟ್ಟೆ; ಅದರ ಮೇಲೆ ಸಕ್ಕರೆಯಲ್ಲಿ ಶಿಲುಬೆ ಬರೆದಿದ್ದಳು. ಸೇತುವೆಯ ಈಚೆಗೆ ಊರು, ಆಚೆಗೆ ಊರು ದೂರವಿಟ್ಟ ರೊಮಾ ಜನರ ಕೇರಿ. ಡಾಂಬರು ರಸ್ತೆ ಸೇತುವೆಯವರೆಗೆ ಬಂದು ಅಲ್ಲಿಗೇ ನಿಂತಿತ್ತು. ವೆತಾಳೂ ಮದುವೆಯಾಗಿ ಬಂದಾಗಿನಿಂದ ಅಲ್ಲಿಗೇ ನಿಂತವಳು.

ಬೆಳಿಗ್ಗೆ ಕೇರಿಯಿಂದ ಹೇಳಿಕಳಿಸಿದ್ದರು. ಶವಪೆಟ್ಟಿಗೆಯ ಮೇಲಿಂದ ದಾಟಿಸುವ ರಜಾಯಿಯನ್ನು ವೆತಾಳಿಗೇ ಕೊಡಬೇಕೆಂದು ಜಾಂಫಿರಾ ಸಾಯುವ ಮುನ್ನ ಹೇಳಿದ್ದಳಂತೆ. ಸತ್ತವಳು ಆ ಲೋಕದಲ್ಲಿ ಚಳಿಯಲ್ಲಿ ಮಲಗಬಾರದೆಂದು ಬದುಕಿರುವವರಿಗೆ ಕೊಡುವ ರಜಾಯಿ ಅದು. ಪಡೆದವಳು ಎರಡೂ ಕೈ ಚಾಚಿ ತೆಗೆದುಕೊಂಡು ‘ಅವಳಿಗೆ ಮುಟ್ಟಲಿ’ ಅನ್ನಬೇಕು. ಅಂದಮೇಲೆ ಇಬ್ಬರ ನಡುವೆ ಮನಸ್ಸಿನಲ್ಲಿ ಏನಿದ್ದರೂ ಅಲ್ಲಿಗೆ ತೀರಿತು. ವೆತಾಳಿಗೆ ಬೇಕಾದದ್ದು ಅಷ್ಟೇ, ಅದು ತೀರಬೇಕು.

“ಹೋಗ್ತೀಯಾ, ಹೋಗು,” ಅಂದಿದ್ದ ಗಂಡ ತೂದೋರ್, ಬೂಟಿಗೆ ಪಾಲಿಶ್ ಹಚ್ಚುತ್ತಾ. “ಅದನ್ನ ಮಾತ್ರ ಮನೆಗೆ ತರಬೇಡ.”

“ಮತ್ತೆಲ್ಲಿಡ್ಲಿ?”

“ನಾಯಿಗೆ ಹಾಸು. ಅದಕ್ಕೂ ಚಳಿ ಆಗುತ್ತೆ, ಪಾಪ.”

ವೆತಾ ಎದುರಾಡಲಿಲ್ಲ. ಅಷ್ಟೇ ಅಲ್ಲ, ಆಡಬೇಕು ಅನ್ನಿಸಲೂ ಇಲ್ಲ. ಸೇತುವೆಯ ನಡುವೆ ಬಂದಾಗ ಅದು ನೆನಪಾಗಿ ಅವಳ ಕಿವಿ ಬಿಸಿಯಾಯಿತು.

*

ಮನೆಯ ಮಿಷನ್ನಿನಲ್ಲಿ ರಜಾಯಿಗೆ ಚೌಕಳಿ ಹೊಲಿಯುವುದು ಒಬ್ಬರ ಕೈಲಾಗುವ ಕೆಲಸವಲ್ಲ. ಉಣ್ಣೆ ತುಂಬಿದ ಬಟ್ಟೆ ನೆಂದ ಕುರಿಯಷ್ಟು ಭಾರ. ಸುಣ್ಣದ ದಾರ ಮೀಟಿ ಎಷ್ಟೇ ನೇರ ಗೆರೆ ಬೀಳಿಸಿದರೂ, ಮಿಷನ್ನಿನ ಹಿಂದೆ ಒಬ್ಬರು ನಿಂತು ಆ ಭಾರ ಹೊತ್ತು, ಸೂಜಿಯ ನಡಿಗೆಗೆ ತಕ್ಕಂತೆ ಸರಿಸುತ್ತಾ ಹೋಗಬೇಕು. ಎಳೆದರೆ ಸೂಜಿ ಮುರಿಯುತ್ತದೆ. ಕೈಬಿಟ್ಟರೆ ಮೇಲಿನ ಬಟ್ಟೆ ಜಾರಿ ಸಾಲು ಓರೆಯಾಗುತ್ತದೆ.

ವೆತಾ ಕೂತು ಪೆಡಲು ತುಳಿದಳು. ಜಾಂಫಿರಾ ಹಿಂದೆ ನಿಂತಳು. ಇಬ್ಬರಿಗೂ ತಲೆ ನರೆಯುವವರೆಗೂ ನಿಂತೇ ಇದ್ದಳು. ಗಿರಾಕಿ ಬಂದರೆ ಯಾರೂ ಹೇಳದೆಯೇ ಹಿತ್ತಲಿಗೆ ಹೋಗುತ್ತಿದ್ದಳು. ಮಧ್ಯಾಹ್ನ ಬಾವಿಕಟ್ಟೆಯ ಮೇಲೆ ಕೂತು ತನ್ನದೇ ಬಟ್ಟಲಲ್ಲಿ ಉಣ್ಣುತ್ತಿದ್ದಳು. ಆ ಬಟ್ಟಲಿನ ಜಾಗ ಕೋಳಿಗೂಡಿನ ಮೇಲೆ.

ಜಾಂಫಿರಾಳ ಮಗಳು ಮಿಂದ್ರಾ ಸ್ಟ್ರಾಬೆರಿ ಕೀಳಲು ಸ್ಪೇನಿಗೆ ಹೋದ ವರ್ಷ ತಾಯಿಗೊಂದು ಹಳೆಯ ಮಿಷನ್ನು ಕೊಡಿಸಿ ಹೋದಳು.

“ವೆತಮ್ಮಾ, ನಂದೂ ಒಂದು ಹೊಲ್ಕೋಬೇಕು, ಸಾಯೋ ಕಾಲಕ್ಕೆ,” ಅಂದಳು ಜಾಂಫಿರಾ. “ಒಂದು ಮಧ್ಯಾಹ್ನ ಬಂದು ಹಿಂದೆ ಹಿಡ್ಕೋತೀರಾ?”

“ಇಲ್ಲಿಗೇ ತಗೊಂಡು ಬಾರೇ. ಹೊಲಿದ್ರಾಯ್ತು.”

“ಇದನ್ನ ಸ್ವಂತ ಸೂರಿನ ಕೆಳಗೇ ಹೊಲೀಬೇಕಲ್ಲ. ನಿಮಗೆ ಹಿಡಿಯೋಕೆ ಆಗಲ್ಲ ಅಂದ್ರೆ ನೀವೇ ಕೂತು ಹೊಲೀರಿ, ನಾನು ಎಂದಿನಂಗೆ ನಿಲ್ತೀನಿ.”

“ಬರ್ತೀನಿ ಬಿಡು.”

ಒಪ್ಪಿದ ಮಧ್ಯಾಹ್ನ ವೆತಾ ಹೊರಟಳು ಕೂಡ. ಸೇತುವೆಯ ಹತ್ತಿರ ಪಾದ್ರಿಯ ಹೆಂಡತಿ ಸೈಕಲ್ಲಿನಲ್ಲಿ ಎದುರಾಗಿ “ಈ ಕಡೆ ಎಲ್ಲಿಗೆ, ವೆತಾ?” ಅಂದಳು. “ಅಂಗಡಿಗೆ” ಅಂದುಬಿಟ್ಟಳು ವೆತಾ. ಅಂದಮೇಲೆ ಅಂಗಡಿಗೇ ಹೋಗಿ, ಬೇಡದ ಒಂದು ಬಾಟಲಿ ವಿನೆಗರ್ ತಂದಳು.

ಮಾರನೆಯ ದಿನ ಜಾಂಫಿರಾ ಏನೂ ಕೇಳಲಿಲ್ಲ. ವೆತಾಳೇ “ನಿನ್ನೆ ಮೊಣಕಾಲು ಹಿಡ್ಕೊಂಡುಬಿಡ್ತು” ಅಂದಳು.

“ಹೌದಾ ಅಮ್ಮಾ? ನೋಡೋಣ ಕೊಡಿ.” ಜಾಂಫಿರಾ ನೆಲದ ಮೇಲೆ ಕೂತು, ಅದೇ ವಿನೆಗರಿನಲ್ಲಿ ಬಟ್ಟೆ ಅದ್ದಿ, ಏನೂ ಆಗಿರದ ಆ ಮೊಣಕಾಲಿಗೆ ಬಿಗಿಯಾಗಿ ಕಟ್ಟಿದಳು.

*

ಅಂಗಳದಲ್ಲಿ ಜನ ಪಕ್ಕಕ್ಕೆ ಸರಿದು ವೆತಾಳಿಗೆ ದಾರಿ ಬಿಟ್ಟರು. ಗೋಡೆಗೊರಗಿ ನಿಂತಿದ್ದ ಇಬ್ಬರು ಹೆಂಗಸರು ದನಿ ತಗ್ಗಿಸುವ ಗೋಜಿಗೆ ಹೋಗಲಿಲ್ಲ.

“ವೆತಮ್ಮನಿಗೆ ದಾರಿ ಸಿಕ್ತು ನೋಡೇ.”

“ಸೇತುವೆ ಗಟ್ಟಿ ಮಾಡ್ಸಿದಾರಂತಲ್ಲ. ಅದಕ್ಕೇ.”

ಜಾಂಫಿರಾಳ ಅಕ್ಕ ಸುಲ್ತಾನಾ ಬಂದು ಗೋಧಿಯ ತಟ್ಟೆ ಇಸಿದುಕೊಂಡಳು. “ಸುಮ್ನಿರ್ರೇ. ಬಂದವರನ್ನ ಆಡ್ಕೋಬಾರ್ದು. ಬಾಮ್ಮಾ, ಇಲ್ಲಿ ಪೆಟ್ಟಿಗೆ ಪಕ್ಕ ನಿಂತ್ಕೊ.”

ಪೆಟ್ಟಿಗೆಯಲ್ಲಿ ಮಲಗಿದ್ದ ಜಾಂಫಿರಾ ಚಿಕ್ಕವಳಾಗಿ ಕಂಡಳು. ಅವಳು ಮಲಗಿದ್ದು ಹಾಗಿರಲಿ, ಕುರ್ಚಿಯ ಮೇಲೆ ಕೂತದ್ದನ್ನೂ ವೆತಾ ನೋಡಿರಲಿಲ್ಲ.

ಹಿಂದಿನ ದಿನವಷ್ಟೇ ಸ್ಪೇನಿನಿಂದ ಬಂದಿದ್ದ ಮಿಂದ್ರಾ ಒಳಗಿನಿಂದ ರಜಾಯಿ ತಂದು ಪೆಟ್ಟಿಗೆಯ ಆಚೆ ಬದಿಯಲ್ಲಿ ನಿಂತಳು. ಕೊಡುವ ಮೊದಲು ಎಲ್ಲರಿಗೂ ಬಿಡಿಸಿ ತೋರಿಸುವುದು ವಾಡಿಕೆ; ಬಿಡಿಸಿದಳು. ಕಡುಕೆಂಪು ಬಟ್ಟೆ, ಬಿಳಿ ದಾರ. ಒಂದು ಅಂಚಿನಲ್ಲಿ ಚೌಕಗಳು ಚೌಕಗಳಾಗಿಯೇ ಇದ್ದವು. ನಡುವಿಗೆ ಬರುವಷ್ಟರಲ್ಲಿ ಸಾಲುಗಳು ವಾಲಿದ್ದವು. ಇನ್ನೊಂದು ಅಂಚಿನಲ್ಲಿ ಎಲ್ಲವೂ ಗಾಳಿಗೆ ಮಲಗಿದ ಬೇಲಿಯ ಹಾಗೆ ಒಂದೇ ಕಡೆಗೆ ಬಾಗಿದ್ದವು.

“ಅಯ್ಯೋ, ಕುಡ್ದು ಹೊಲಿದ್ಲಾ?” ಅಂದ ಯಾರೋ ಹಿಂದಿನಿಂದ. ಒಂದಿಬ್ಬರು ನಕ್ಕರು.

“ಒಬ್ಳೇ ಹೊಲಿದ್ಲು,” ಅಂದಳು ಸುಲ್ತಾನಾ. “ಹಿಂದೆ ಕುರ್ಚಿ ಇಟ್ಕೊಂಡು, ಅದರ ಮೇಲೆ ಹೊರಿಸಿ ಹೊಲಿದ್ಲು. ಗೇಣು ಹೊಲಿಯೋದು, ಎದ್ದು ಹೋಗಿ ಕುರ್ಚಿ ಸರ್ಸೋದು. ನಾನು ಹಿಡೀತೀನಿ ಅಂದ್ರೆ, ಬೇಡಕ್ಕಾ, ವೆತಮ್ಮ ಬರ್ತೀನಿ ಅಂದಿದಾರೆ, ಬಂದಾಗ ಬೇಜಾರಾಗುತ್ತೆ ಅನ್ನೋಳು.”

ನಗು ನಿಂತಿತು.

ಪೆಟ್ಟಿಗೆಯ ತಲೆಯ ಕಡೆ ನಿಂತಿದ್ದ ಪಾದ್ರಿ ಗಡಿಯಾರ ನೋಡಿಕೊಂಡ. “ಕೊಡು ಮಗಳೇ. ಇನ್ನೊಂದು ಸಾವಿನ ಮನೆಗೆ ಹೋಗೋದಿದೆ ನನಗೆ.”

ವೆತಾ ಪೆಟ್ಟಿಗೆಯ ಮೇಲಿಂದ ಎರಡೂ ಕೈ ಚಾಚಿದಳು. ಮಿಂದ್ರಾ ರಜಾಯಿ ಮಡಿಸಿ ಮುಂದೆ ಹಿಡಿದಳು. ಬಟ್ಟೆಯ ಅಂಚು ವೆತಾಳ ಬೆರಳಿಗೆ ತಾಗಿತು. ಅಲ್ಲಿಗೆ ಮಿಂದ್ರಾಳ ಕೈ ತಡೆಯಿತು.

“ಒಂದು ಮಾತು ಕೇಳ್ತೀನಿ. ಅವತ್ತು ಯಾಕೆ ಬರ್ಲಿಲ್ಲ ನೀವು?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜ ಹೇಳಿದ್ದರೆ ಕೊಟ್ಟುಬಿಡುತ್ತಿದ್ದಳು. ಅದು ವೆತಾಳಿಗೂ ಗೊತ್ತಾಯಿತು. ಅಂಗಳ ಕಾಯುತ್ತಿತ್ತು. ಬೇಲಿಯಾಚೆ ಪಾದ್ರಿಯ ಹೆಂಡತಿ ಸೈಕಲ್ಲು ಹಿಡಿದು ನಿಂತಿದ್ದಳು. ಹೇಳಬೇಕಾದ್ದು ಇದ್ದದ್ದು ಎರಡೇ ಮಾತು. ನಾಚಿಕೆಯಾಯ್ತು, ಅಷ್ಟೇ.

“ಮೊಣಕಾಲು...” ಅಂದಳು ವೆತಾ. “ಮೊಣಕಾಲು ನೋವಿತ್ತು ಕಣಮ್ಮಾ.”

ಮಿಂದ್ರಾ ರಜಾಯಿಯನ್ನು ಹಿಂದಕ್ಕೆಳೆದುಕೊಂಡು ಎದೆಗೆ ಅವಚಿದಳು.

“ಏನೇ ಇದು?” ಸುಲ್ತಾನಾ ಅವಳ ರಟ್ಟೆ ಹಿಡಿದಳು. “ಕೊಡು. ನಿಮ್ಮಮ್ಮ ಹೇಳಿದ ಮಾತು. ಅವಳು ಅಲ್ಲಿ ಚಳಿಯಲ್ಲಿ ಮಲಗ್ಬೇಕಾ?”

“ಇಲ್ಲಿ ಬೆಚ್ಚಗಿದ್ಲಾ ದೊಡ್ಡಮ್ಮಾ?”

“ಕೊಡಬೇಕು ಮಗಳೇ, ಸಂಪ್ರದಾಯ,” ಅಂದ ಪಾದ್ರಿ.

“ಕೊಡಲ್ಲ,” ಅಂದಳು ಮಿಂದ್ರಾ.

ಜಾಂಫಿರಾಳ ಮುಖದ ಮೇಲೆ ವೆತಾಳ ಎರಡು ಕೈಗಳ ನೆರಳು ಬಿದ್ದಿತ್ತು. ಅವುಗಳನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ವೆತಾಳಿಗೆ ತಿಳಿಯಲಿಲ್ಲ.