ನೀಲಿ ಕೋಣೆಯ ಗಂಟೆ

ಮಾರ್ಲ್‌ಗೇಟ್ ಊರಿನ ಅಲ್ಮಾ ಟೆರೇಸ್ ಎಂದರೆ ಸಾಮಾನ್ಯ ಸಾಲುಮನೆಗಳಲ್ಲ. ಸಮುದ್ರಕ್ಕೆ ಎದೆಯೊಡ್ಡಿ, ಒಂದರ ಹೆಗಲಿಗೆ ಇನ್ನೊಂದು ಆತು ನಿಂತ ಆ ಮನೆಗಳು ಎಷ್ಟು ಎತ್ತರವೆಂದರೆ, ಅಟ್ಟದ ಕಿಟಕಿ ತೆರೆದರೆ ಆಚೆ ದಡದ ಫ್ರಾನ್ಸಿನವರು ಹುರಿಯುವ ಈರುಳ್ಳಿಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಅವನ್ನು ಕಟ್ಟಿದ ಜೊಸಾಯ ಕ್ರಂಪ್ ಭೂಮಂಡಲದ ಮಹಾಜಿಪುಣ. ಮುಂಭಾಗಕ್ಕೆ ಅರಮನೆಯ ಕಂಬ, ಕಮಾನು, ಉಬ್ಬುಕಿಟಕಿ; ಹಿಂಭಾಗಕ್ಕೆ ಕೋಳಿಗೂಡಿನಂಥ ಗೋಡೆ. ಇಟ್ಟಿಗೆಗೆ ಗಾರೆ ಮೆತ್ತಿ, ಗಾರೆಗೆ ಗೆರೆ ಎಳೆದು, ಕೆನೆಬಣ್ಣ ಬಳಿದು, ಕಲ್ಲಿನ ಕಟ್ಟಡವೆಂದು ರಾಜ್ಯಕ್ಕೆ ರಾಜ್ಯವನ್ನೇ ನಂಬಿಸಿದ. ಗಾರೆಗೆ ಅವನು ಕಲಸಿದ್ದು ಕಡಲದಂಡೆಯ ಮರಳು. ಹಾಗಾಗಿ ತೇವ ಬಿದ್ದಾಗಲೆಲ್ಲ ಗೋಡೆಗಳು ಉಪ್ಪು ಬೆವರುತ್ತಿದ್ದವು. ಏಳನೇ ನಂಬರಿನ ಮನೆಯಲ್ಲಿ ಸೂಪಿಗೆ ಉಪ್ಪು ಸಾಲದಿದ್ದರೆ ಬಟ್ಟಲನ್ನು ಗೋಡೆಗೆ ಒತ್ತಿ ಹಿಡಿದರೆ ಸಾಕಿತ್ತು.

ಆ ಏಳನೇ ನಂಬರಿನ ಒಡತಿ ಡಾರ್ಕಸ್ ಪೆನ್‌ಫೋಲ್ಡ್. ಬೇಸಿಗೆಯಲ್ಲಿ ಲಂಡನ್ನಿನವರಿಗೆ ಕೋಣೆ ಕೊಡುವವಳು, ಚಳಿಗಾಲದಲ್ಲಿ ಬಾಗಿಲು ಹಾಕಿಕೊಂಡು ಕೂರುವವಳು. ಗಂಡ ತೀರಿಹೋದ ಮೇಲಿನ ಮೊದಲ ಚಳಿಗಾಲವಿದು. ಲೆಸ್ಟರ್ ಊರಿನ ನಾದಿನಿ ಯೂನಿಸ್ ಅಣ್ಣನನ್ನು ಮಣ್ಣುಮಾಡಿದ ದಿನವೇ ತಗಾದೆ ತೆಗೆದಿದ್ದಳು.

"ಐದಂತಸ್ತಿನ ಮನೇಲಿ ಒಬ್ರೇ ಇರ್ತೀರಾ ಅತ್ತಿಗೆ? ಕ್ರಿಸ್ಮಸ್ಸಿನ ಒಳಗೆ ಕಿರುಚಿಕೊಂಡು ಓಡಿ ಬರ್ತೀರ, ನೋಡ್ತಿರಿ."

"ನನ್ನ ಹೆದರಿಸೋ ದೆವ್ವ ಇನ್ನೂ ಸತ್ತೇ ಇಲ್ಲ ಕಣೇ!"

"ಸರಿ. ಒಂದೇ ಒಂದು ಸಲ ಹೆದರಿದ್ರೂ ಮನೆ ಮಾರಿ ನಮ್ಮನೆಗೆ ಬಂದ್ಬಿಡ್ಬೇಕು. ಮಾತು ಕೊಡಿ."

ನೆಂಟರೆಲ್ಲ ಹ್ಯಾಮ್ ತಿನ್ನುವುದನ್ನು ನಿಲ್ಲಿಸಿ ನೋಡುತ್ತಿದ್ದರು. ಡಾರ್ಕಸ್ ಮಾತು ಕೊಟ್ಟುಬಿಟ್ಟಳು. ಯೂನಿಸಳ ಹಿತ್ತಿಲ ಕೋಣೆ, ಅಲ್ಲಿನ ಬೆಕ್ಕುಗಳ ಸೈನ್ಯ, ಯೂನಿಸಳ ಹಾಡು, ಇವೆಲ್ಲ ನೆನಪಾದರೆ ಅವಳು ಈಗಲೂ ಎದ್ದು ಹೋಗಿ ಮುಂಬಾಗಿಲ ಚಿಲಕ ನೋಡಿಬರುತ್ತಿದ್ದಳು. ಆ ಯೂನಿಸ್ ಬರುವ ಶನಿವಾರ ತನ್ನ ಕಣ್ಣಾರೆ ನೋಡಿಹೋಗಲು ಬರುವವಳಿದ್ದಳು.

ಬುಧವಾರ ಮಧ್ಯಾಹ್ನ ಸಮುದ್ರದಿಂದ ಮಂಜು ಎದ್ದು ಬಂತು. ಎಂಥ ಮಂಜು! ಕಡಲಹಕ್ಕಿಗಳು ದಾರಿ ತಪ್ಪಿ ನಡೆದುಕೊಂಡು ಮನೆಗೆ ಹೋದವು. ಡಾರ್ಕಸ್ ನೆಲಮಾಳಿಗೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಳು. ತಲೆಯ ಮೇಲೆ ಗಂಟೆಯೊಂದು ಕಿಣಿಕಿಣಿ ಎಂದಿತು.

ಚಾಕು ಕೈಯಿಂದ ಜಾರಿತು.

ಆ ಗೋಡೆಯಲ್ಲೊಂದು ಉದ್ದನೆಯ ಹಲಗೆ. ಹಲಗೆಯ ತುಂಬ ಸುರುಳಿ ತಗಡಿಗೆ ತೂಗುಬಿದ್ದ ಗಂಟೆಗಳು. ಹಿಂದಿನ ಕಾಲದಲ್ಲಿ ಮೇಲಿನ ಕೋಣೆಯವರು ಹಗ್ಗ ಎಳೆದರೆ, ಗೋಡೆಗುಂಟ ಹರಿದ ತಂತಿ ಜಗ್ಗಿ, ಇಲ್ಲಿ ಆಳುಗಳನ್ನು ಎಬ್ಬಿಸುತ್ತಿತ್ತು. ಅರ್ಧದಷ್ಟು ಗಂಟೆಗಳು ಅವಳು ಮದುವೆಯಾಗಿ ಬಂದಾಗಲೇ ಮೂಕವಾಗಿದ್ದವು. ಈಗ ನಡುಗುತ್ತಿದ್ದದ್ದು ಅಂಥದ್ದೇ ಒಂದು. ಅದರ ಕೆಳಗೆ ಮಾಸಿದ ಅಕ್ಷರದಲ್ಲಿ 'ನೀಲಿ ಕೋಣೆ' ಎಂದಿತ್ತು.

ಆ ಮನೆಯಲ್ಲಿ ನೀಲಿ ಕೋಣೆಯೇ ಇರಲಿಲ್ಲ.

"ಇಲಿ," ಎಂದಳು ಡಾರ್ಕಸ್ ಗಟ್ಟಿಯಾಗಿ. "ತಂತಿ ಮೇಲೆ ಓಡಾಡ್ತಿದೆ, ಅಷ್ಟೆ."

ಗಂಟೆ ಮತ್ತೆ ಬಡಿದುಕೊಂಡಿತು. ಈ ಸಲ ನಿಧಾನವಾಗಿ, ಯಾರೋ ಮೈಭಾರವನ್ನೆಲ್ಲ ಹಾಕಿ ಎಳೆದ ಹಾಗೆ. ಅವಳು ಕಿರುಚಿದಳು. ಆ ಕಿರುಚಿಗೆ ಬಂದರಿನ ದೋಣಿಗಳ ಹಗ್ಗ ಹರಿಯಿತು, ಪಾದ್ರಿಯ ಮನೆಯ ಹಾಲು ಒಡೆಯಿತು. ಆದರೆ ಅದಕ್ಕಿಂತ ಭಯಂಕರವಾದದ್ದು ಅದರ ಮರುಕ್ಷಣವೇ ಆಯಿತು: ಗೋಡೆಯ ಒಳಗಿನಿಂದ, ಎಲ್ಲೋ ಮೇಲಿನಿಂದ, ಸಣ್ಣಗೆ ಇನ್ನೊಂದು ಕಿರುಚು ಕೇಳಿಸಿತು.

ಹ್ಯಾಟು, ಕೋಟು ಹಾಕಿಕೊಂಡಿದ್ದು ಅವಳಿಗೇ ತಿಳಿಯಲಿಲ್ಲ. ಮುಂಬಾಗಿಲ ಹಿಡಿಯ ಮೇಲೆ ಕೈಯಿಟ್ಟಾಗ ಯೂನಿಸಳ ಮುಖ ಕಣ್ಣ ಮುಂದೆ ಬಂತು. ಆ ಮುಖ ಬಾಯಿ ತೆರೆದು ಹಾಡತೊಡಗಿತು. ಡಾರ್ಕಸ್ ಹಿಂದಿರುಗಿ, ಒಲೆಯ ಬಳಿಯ ಕೆಂಡ ಕೆದಕುವ ಸಲಾಕೆ ಎತ್ತಿಕೊಂಡಳು.

ತಂತಿ ಛಾವಣಿಯಂಚಿನಲ್ಲಿ ಸಾಗಿ, ಹಿಂದಿನ ಮೆಟ್ಟಿಲ ಗೂಡಿನಲ್ಲಿ ಮೇಲೇರುತ್ತಿತ್ತು. ಅವಳೂ ಏರಿದಳು. ಮಂಜು ಕಿಟಕಿಗಳನ್ನು ಮುಚ್ಚಿ, ಹಗಲನ್ನು ಬೂದಿಯಾಗಿಸಿತ್ತು. ಕಣ್ಣೆದುರಿಗೇ ತಂತಿ ಬಿಗಿಯಿತು, ಕೆಳಗೆ ಗಂಟೆ ನರಳಿತು. ಯಾರೋ ಎಳೆಯುತ್ತಿದ್ದಾರೆ. ಈಗ. ಇಲ್ಲೇ.

ಎರಡನೇ ಅಂತಸ್ತಿನಲ್ಲಿ ತಂತಿ ಪಕ್ಕದ ಗೋಡೆಯೊಳಗೆ ನುಗ್ಗಿ ಮಾಯವಾಯಿತು. ಅಲ್ಲಿ, ಗೋಡೆಕಾಗದದ ಹೂಗಳಡಿಯಲ್ಲಿ, ಉಪ್ಪಿನ ಬೆವರು ಒಂದು ಬಾಗಿಲ ಆಕಾರವನ್ನು ಬಿಡಿಸಿತ್ತು. ಡಾರ್ಕಸ್ ಕಿವಿಯಿಟ್ಟಳು. ಆಚೆ ಯಾರೋ ಉಸಿರಾಡುತ್ತಿದ್ದರು.

"ಯಾ... ಯಾರದು?"

"ತೊಲಗು ಪಿಶಾಚಿ!" ಎಂದಿತು ಗೋಡೆ, ನಡುಗುತ್ತ. "ಹಗ್ಗ ಹಿಡಿದು ಏಳೋಣ ಅಂದ್ರೆ ಪಾತಾಳದಿಂದ ಊಳಿಡ್ತೀಯಲ್ಲ! ಇಡೀ ಬೀದೀಲಿ ನಿಂಗೆ ನನ್ನ ಮನೇನೇ ಬೇಕಿತ್ತಾ?"

ಆ ಗೊಣಗು ಅವಳಿಗೆ ಚೆನ್ನಾಗಿ ಗೊತ್ತಿತ್ತು. "ಹಾಬ್ಡೆನ್ನರಾ?"

"ಮಿಸೆಸ್ ಪೆನ್‌ಫೋಲ್ಡ್? ಥತ್, ಪಿಶಾಚೀನೇ ಆಗಿದ್ರೆ ಎಷ್ಟೋ ಚೆನ್ನಾಗಿತ್ತು."

ಎಂಟನೇ ನಂಬರಿನ ಆಂಬ್ರೋಸ್ ಹಾಬ್ಡೆನ್, ನಿವೃತ್ತ ಟಪಾಲಿನವನು. ಎರಡೂ ಮನೆಗಳ ಬಾಗಿಲ ನಡುವಿನ ಕಂಬ ಅರ್ಧ ಅವನದು, ಅರ್ಧ ಇವಳದು. ಇಡೀ ಸಾಲು ಕೆನೆಬಣ್ಣದಲ್ಲಿರುವಾಗ ಅವನು ತನ್ನ ಅರ್ಧಕ್ಕೆ, ನಟ್ಟನಡುವೆ ಗೆರೆ ಹೊಡೆದು, ಕಸ್ಟರ್ಡಿನ ಹಳದಿ ಬಳಿದಿದ್ದ. ಅಂದಿನಿಂದ ಮಾತಿಲ್ಲ. ಮಾತಿಲ್ಲದ್ದು ಮಾತ್ರವಲ್ಲ, ಆ ಕಡೆ ಕತ್ತು ತಿರುಗಿಸುವುದಿಲ್ಲವೆಂದು ಡಾರ್ಕಸ್ ಶಪಥ ಮಾಡಿದ್ದಳು.

"ನೀವು ಊರಲ್ಲಿಲ್ಲ ಅಂದ್ಕೊಂಡಿದ್ದೆ!"

"ಕ್ರಂಪನ ನೆಲ ಕಣ್ರೀ, ಲಡ್ಡು ಹಿಡಿದು ಕುಸೀತು. ಬೀರು ಉರುಳಿ ಕಾಲ ಮೇಲೆ ಬಿತ್ತು. ನಿನ್ನೆ ಬೆಳಿಗ್ಗೆಯಿಂದ ಇಲ್ಲೇ ಬಿದ್ದಿದ್ದೀನಿ. ಹಾಲಿನ ಬಾಟಲಿ ಬಾಗಿಲಲ್ಲೇ ಕೂತಿರೋದು ಕಾಣ್ಲಿಲ್ವಾ ನಿಮಗೆ?"

ಕಾಣುವುದು ಹೇಗೆ? ನೋಡಿದ್ದರೆ ತಾನೇ?

"ಕಾಲಿದೆಯೋ ಇಲ್ವೋ ಗೊತ್ತಾಗ್ತಿಲ್ಲ ಈಗ," ಎಂದಿತು ಗೋಡೆ, ತಗ್ಗಿದ ದನಿಯಲ್ಲಿ. "ಚಳಿನೂ ಆಗ್ತಿಲ್ಲ. ನಿದ್ದೆ ಬರ್ತಿದೆ."

ಅಷ್ಟು ಹೊತ್ತು ಹೆದರಿದ್ದೆಲ್ಲ ಹೆದರಿಕೆಯೇ ಅಲ್ಲವೆಂದು ಡಾರ್ಕಸ್‌ಗೆ ಆಗ ತಿಳಿಯಿತು. "ಮಲಗಿದ್ರೆ ಜೋಕೆ! ಕಂಬಕ್ಕೆ ಕೆನೆಬಣ್ಣ ಬಳಿದ್ಬಿಡ್ತೀನಿ!"



ಅವಳು ಮೆಟ್ಟಿಲಿಳಿದ ವೇಗಕ್ಕೆ ಮೆಟ್ಟಿಲ ಜಮಖಾನೆಗೆ ಹೊಗೆ ಹತ್ತಿತು ಎಂದರೆ ನಂಬಲೇಬೇಕು. ಎಂಟರ ನೆಲಮಾಳಿಗೆಯ ಕಿಟಕಿಯನ್ನು ಸಲಾಕೆಯಿಂದ ಒಡೆದು ಒಳಗೆ ಧುಮುಕಿದಳು. ಧುಮುಕಿ, ನಿಂತಲ್ಲೇ ಕಲ್ಲಾದಳು. ಅದು ಅವಳದೇ ಮನೆ. ಆದರೆ ಕನ್ನಡಿಯೊಳಗಿನ ಮನೆ. ಕ್ರಂಪ್ ಒಂದೇ ನಕ್ಷೆಯನ್ನು ಮಗುಚಿ ಮಗುಚಿ ಇಡೀ ಸಾಲು ಕಟ್ಟಿದ್ದ. ಒಲೆ ಇರಬೇಕಾದಲ್ಲಿ ಬಾಗಿಲು, ಬಾಗಿಲಿರಬೇಕಾದಲ್ಲಿ ಒಲೆ. ಕತ್ತಲಲ್ಲಿ ಮೆಟ್ಟಿಲ ಕಟಕಟೆಗೆ ಕೈಚಾಚಿದರೆ ಕೈಗೆ ಬರಿಗೋಡೆ ಸಿಕ್ಕಿತು, ತಣ್ಣಗೆ, ಒದ್ದೆಯಾಗಿ. ಒಳಗಿಂದ ಹೊರಗಾದ ತನ್ನದೇ ಮನೆಯಲ್ಲಿ, ತಾನೇ ದೆವ್ವವೇನೋ ಎನ್ನಿಸುವಂತೆ, ಅವಳು ತಡಕಾಡುತ್ತ ಏರಿದಳು.

ಎರಡನೇ ಅಂತಸ್ತಿನ ಬಾಗಿಲು ತಳ್ಳಿದಳು. ಗೋಡೆಗಳು ನೀಲಿ, ಮಾಸಿದ ನೀಲಿ. ನೆಲದ ಮೇಲೆ ಬೀರುವಿನಡಿ ಹಾಬ್ಡೆನ್, ಬೆರಳಿಗೆ ಸುತ್ತಿಕೊಂಡ ಗಂಟೆಯ ಹಗ್ಗ. ಮುಖ ಮೇಣದಂತೆ ಬಿಳಿ. ಅವಳು ಅವನ ಬಾಯ ಬಳಿ ಕೆನ್ನೆಯೊಡ್ಡಿ, ತನ್ನ ಉಸಿರು ಬಿಗಿಹಿಡಿದು ಕಾದಳು.

"ಶೂ ಒರೆಸ್ಕೊಂಡ್ ಬಂದ್ರೋ ಇಲ್ವೋ?" ಎಂದಿತು ಆ ಬಾಯಿ.

ಹಾಬ್ಡೆನ್ನನ ಕಾಲಿಗೆ ಪಟ್ಟಿ ಕಟ್ಟಲು ಬಂದ ಡಾಕ್ಟರರೇ ಹಳೆಯ ಕತೆ ಹೇಳಿದ್ದು. ಏಳು, ಎಂಟು ಒಂದು ಕಾಲಕ್ಕೆ ಒಂದೇ ಹೋಟೆಲು. ನಡೆಸುತ್ತಿದ್ದ ಅಣ್ಣತಮ್ಮಂದಿರು ಜಗಳವಾಡಿ ನಡುವೆ ಗೋಡೆ ಎಬ್ಬಿಸಿದರು. ಆ ಕಾಲದಲ್ಲಿ ಒಂದು ಕಸುಬಿನವನು ಇನ್ನೊಂದರ ಕೆಲಸಕ್ಕೆ ಕೈಹಾಕಿದರೆ ರಕ್ತಪಾತವೇ. ಇಟ್ಟಿಗೆಯವನು ಗಂಟೆಯವನ ತಂತಿ ಕತ್ತರಿಸಲಿಲ್ಲ, ತಂತಿ ಸಾಗುವ ಕೊಳವೆಗೆ ಜಾಗ ಬಿಟ್ಟು ಸುತ್ತಲೂ ಕಟ್ಟಿದ. ಗಂಟೆಯವನನ್ನು ಯಾರೂ ಕರೆಯಲೇ ಇಲ್ಲ.

ಶನಿವಾರ ಯೂನಿಸ್ ಬಂದಳು. ಅಡುಗೆಮನೆಯಲ್ಲಿ ಕೈಗವಸು ಬಿಚ್ಚುತ್ತ, "ನಿಜ ಹೇಳಿ ಅತ್ತಿಗೆ, ಒಂದು ಸಲವೂ ಹೆದರ್ಲಿಲ್ವಾ?" ಎಂದಳು.

ಡಾರ್ಕಸ್ ಬಾಯಿ ತೆರೆದಳು. ಮಾತು ಕೊಟ್ಟಿದ್ದು ನೆನಪಿತ್ತು, ಸುಳ್ಳು ನಾಲಗೆಗೆ ಬರಲೊಲ್ಲದು. ತಲೆಯ ಮೇಲೆ ಗಂಟೆ ಕಿಣಿಗುಟ್ಟಿತು.

ಯೂನಿಸ್ ಓದಿದಳು. "ನೀಲಿ ಕೋಣೆ... ಅದ್ಯಾವುದು? ನಮ್ಮಣ್ಣನ ಮನೇಲಿ ನೀಲಿ ಕೋಣೆ ಎಲ್ಲಿದೆ?"

"ಎಲ್ಲೂ ಇಲ್ಲ ಕಣೇ," ಎಂದಳು ಡಾರ್ಕಸ್ ಶಾಂತವಾಗಿ. "ಈ ಹೊತ್ತಿಗೆ ಅಲ್ಲಿಂದ ಟೀ ಕೇಳ್ತಾರೆ."

ಯೂನಿಸ್ ಒಂದು ಕೈಗವಸನ್ನು ಅಲ್ಲೇ ಬಿಟ್ಟು ಓಡಿದಳು. ಅವಳು ರೈಲು ಹಿಡಿಯಲಿಲ್ಲ, ರೈಲೇ ಅವಳ ಹಿಂದೆ ಲೆಸ್ಟರಿನವರೆಗೆ ಏದುಸಿರು ಬಿಡುತ್ತ ಓಡಿತೆಂದು ಮಾರ್ಲ್‌ಗೇಟಿನಲ್ಲಿ ಇಂದಿಗೂ ಹೇಳುತ್ತಾರೆ.

ಡಾರ್ಕಸ್ ಮನೆ ಬಿಡಲಿಲ್ಲ. ಕಂಬದ ಜಗಳವನ್ನೂ ಬಿಡಲಿಲ್ಲ. ಆದರೆ ದಿನವೂ ಮಧ್ಯಾಹ್ನ ಟೀ ಕುದಿಯುವಾಗ ಆ ಹಲಗೆಯತ್ತ ನೋಡುತ್ತ ನಿಲ್ಲುತ್ತಾಳೆ. ಹಾಬ್ಡೆನ್ನನ ಗಂಟೆ ಒಂದಿಷ್ಟು ತಡವಾದರೂ ಸಾಕು, ಅವಳ ಕೈ ತಾನಾಗಿ ಸಲಾಕೆಯನ್ನು ಹುಡುಕುತ್ತದೆ.