ಸೆಕೆಂಡಿನ ಅರವತ್ತು ಚೂರು

ಚಿಂತಾಮಣಿಯ ಕಬಡ್ಡಿ ಮೇಷ್ಟ್ರು ರಾಮಾಂಜಿನಪ್ಪನವರಿಗೆ ತಲೆಗೆ ಬಿದ್ದ ಏಟಿಗೆ ಒಂದೇ ಮದ್ದು ಗೊತ್ತಿತ್ತು. ಮುಖಕ್ಕೆ ಒಂದು ಚೊಂಬು ನೀರು ಎರಚಿ, ಒಂದೇ ಉಸಿರಿನಲ್ಲಿ ಅರ್ಧ ನಿಮಿಷ 'ಕಬಡ್ಡಿ ಕಬಡ್ಡಿ' ಅನ್ನಿಸುವುದು. ದಮ್ಮು ಮುರಿಯದಿದ್ದರೆ ತಲೆ ನೆಟ್ಟಗಿದೆ, ಮತ್ತೆ ಅಂಕಣಕ್ಕೆ. ತಮ್ಮ ಕಾಲದಲ್ಲಿ ಅವರೂ ಹಾಗೆಯೇ ಎದ್ದೆದ್ದು ಆಡಿದವರು.

2008ರಲ್ಲಿ ಗೌರಿಬಿದನೂರಿನ ಪಂದ್ಯದಲ್ಲಿ ಎದುರಾಳಿಯ ಮೊಣಕಾಲು ತಲೆಗೆ ಬಡಿದು ಬಿದ್ದ ಅವರ ಶಿಷ್ಯೆ ತನುಜಳೂ ಆ ಪರೀಕ್ಷೆ ಪಾಸಾದಳು. ಭಾನುವಾರ ರಾಜ್ಯ ತಂಡದ ಆಯ್ಕೆ. ಅವಳ ತಾಯಿ ಓಬಳಮ್ಮ ಮಾತ್ರ ಹಟ ಹಿಡಿದು ಮಗಳು, ಮೇಷ್ಟ್ರು ಇಬ್ಬರನ್ನೂ ಚಿಕ್ಕಬಳ್ಳಾಪುರಕ್ಕೆ ಅಟ್ಟಿದಳು. ಅಲ್ಲಿ ಬೆಂಗಳೂರಿನಿಂದ ಬರುವ ಡಾಕ್ಟರ್ ಶ್ರೀವಲ್ಲಿ, ಏಟು ತಿಂದ ಆಟಗಾರರ ಮಿದುಳು ಅಳೆಯುತ್ತಿದ್ದರು. ಮಿದುಳೇನು ರಾಗಿಯೇ ಅಳೆಯೋಕೆ ಎಂದು ಮೇಷ್ಟ್ರು ಬಸ್ಸಿನಲ್ಲಿ ದಾರಿಯುದ್ದಕ್ಕೂ ಗೊಣಗಿದರು.

ಡಾಕ್ಟರು ತನುಜಳ ತಲೆಗೆ ತಂತಿಗಳ ಟೋಪಿ ತೊಡಿಸಿದರು. ಕಿವಿಯಲ್ಲಿ ಟಕ್ ಟಕ್ ಸದ್ದು, ಆಗೊಮ್ಮೆ ಈಗೊಮ್ಮೆ ಟಿಂಗ್. ಟಿಂಗ್ ಎಷ್ಟೆಂದು ಎಣಿಸಬೇಕು. ಅವಳು ಒಂದನ್ನೂ ಬಿಡಲಿಲ್ಲ.

"ನೋಡಿದ್ರಾ ಮೇಡಂ, ನಮ್ ಹುಡ್ಗಿ ಚಿನ್ನ!"

"ಎಣಿಕೆ ಸರಿಯಾಗೇ ಇದೆ ಮೇಷ್ಟ್ರೇ. ಆದ್ರೆ ಇಲ್ನೋಡಿ." ಪರದೆಯ ಮೇಲೆ ಗೆರೆಯೊಂದು ಗುಡ್ಡದಂತೆ ಎದ್ದಿತ್ತು. "ಟಿಂಗ್ ಗುರುತಿಸಿದಾಗ ಮಿದುಳು ಹೀಗೆ ಏಳುತ್ತೆ. ಇವಳದ್ದು ತಡವಾಗಿ ಎದ್ದಿದೆ, ಇನ್ನೂ ಸುಧಾರಿಸ್ಕೊಂಡಿಲ್ಲ. ಈಗ ಇನ್ನೊಂದು ಏಟು ಬಿದ್ರೆ ಅಪಾಯ."

ಎಷ್ಟು ತಡ? ಸೆಕೆಂಡನ್ನು ಸಾವಿರ ಚೂರು ಮಾಡಿದರೆ ಅದರಲ್ಲಿ ಅರವತ್ತು. ಮೇಷ್ಟ್ರು ಬಿಟ್ಟ ಬಾಯಿ ಮುಚ್ಚಲಿಲ್ಲ. ಹುಡುಗಿಯ ತಲೆಯೊಳಗೆ ಅರಿವು ಹುಟ್ಟುವುದನ್ನು ಅವರು ಕಣ್ಣಾರೆ ಕಂಡಿದ್ದರು! ಆದರೂ ಭಾನುವಾರ ಕೈಬಿಡಲು ಮನಸ್ಸು ಒಪ್ಪಲಿಲ್ಲ.

"ಮಿಷನ್ನು ಕೆಟ್ಟಿರ್ಬೇಕು. ನನ್ನ ತಲೆಗೆ ಹಾಕಿ, ಗೊತ್ತಾಗುತ್ತೆ. ಇಪ್ಪತ್ತು ವರ್ಷ ಆಡಿದ ತಲೆ, ಬಂಡೆ!"

ಹಾಕಿದರು. ನಲವತ್ತು ಟಿಂಗ್‌ಗಳಲ್ಲಿ ಮೇಷ್ಟ್ರ ಲೆಕ್ಕಕ್ಕೆ ಸಿಕ್ಕಿದ್ದು ಮೂವತ್ತೊಂದು. ಅವರ ಗುಡ್ಡ ತನುಜಳದ್ದಕ್ಕಿಂತ ತಡವಾಗಿ, ಗದ್ದೆಯ ಬದುವಿನಷ್ಟೇ ಎದ್ದಿತ್ತು.

"ತಲೆಗೆ ಎಷ್ಟು ಸಲ ಏಟು ಬಿದ್ದಿತ್ತು ಮೇಷ್ಟ್ರೇ?"

"ಪ್ರಜ್ಞೆ ತಪ್ಪಿದ್ದು ಮಾತ್ರಾನಾ, ಎಲ್ಲಾನಾ?"

ಡಾಕ್ಟರು ಪರದೆಯನ್ನು ಮತ್ತೊಮ್ಮೆ ನೋಡಿದರು. "ವಯಸ್ಸೂ ಇರ್ಬಹುದು. ಒಂದೇ ಸಲಕ್ಕೆ ಹೇಳಕ್ಕಾಗಲ್ಲ, ಇನ್ನೂ ನೋಡ್ಬೇಕು" ಎಂದರು.

ಮೇಷ್ಟ್ರಿಗೆ ಭಯವಾಯಿತು. ಭಯಕ್ಕಿಂತ ಹೆಚ್ಚಾಗಿ ಬೆರಗಾಯಿತು. ತಾನು ಮರೆತ ಒಂದೊಂದು ಏಟನ್ನೂ ತಲೆ ಇಷ್ಟು ವರ್ಷ ಸದ್ದಿಲ್ಲದೆ ಇಟ್ಟುಕೊಂಡಿತ್ತೇ?

"ಸರ್, ಭಾನುವಾರ?" ತನುಜ ಕೇಳಿದಳು.

"ಬೇಡ ಕಣಮ್ಮ. ವಾಸಿಯಾಗ್ಲಿ, ಮುಂದಿನ ವರ್ಷ ಹೋಗಣ." ಅವಳು ಅಳುತ್ತಿದ್ದಂತೆ ಅವರು ಡಾಕ್ಟರ ಕಡೆ ತಿರುಗಿದರು. "ಮೇಡಂ, ಏಟು ಬಿದ್ದ ಮೇಲೂ ನಾನು ಆಡಕ್ಕೆ ಕಳಿಸಿದ ಹುಡ್ಗೀರು ಇನ್ನೂ ಇದಾರೆ. ಬರ್ಕೊಳ್ಳಿ, ಎಲ್ರನ್ನೂ ಕರ್ಕೊಂಡು ಬರ್ತೀನಿ."

ಡಾಕ್ಟರು ಪೆನ್ನು ತೆಗೆದರು. ಮೇಷ್ಟ್ರು ನಾಲ್ಕು ಹೆಸರು ಹೇಳಿ ನಿಂತುಬಿಟ್ಟರು. ಐದನೆಯದಕ್ಕೆ ಬಾಯಿ ತೆರೆದರು, ಹೆಸರು ನೆನಪಿಗೆ ಬರಲಿಲ್ಲ.

ತನುಜ ಕಣ್ಣೊರೆಸಿಕೊಂಡು, ಅವರ ಕೈ ಹಿಡಿದು, ಉಳಿದ ಏಳು ಹೆಸರನ್ನು ತಾನೇ ಹೇಳಿದಳು.